ಸೇರಿಗೊಂದು ಹಿಡಿ

ಪ್ರತಿ ವರ್ಷ ಎಂಟನೇ ತರಗತಿಗೆ ಆಹಾರದ ಪಾಠ ಶುರು ಮಾಡುವಾಗ ನಾನು ಹಲಗೆಯ ಮೇಲೆ ಮೊದಲು ಬರೆಯುತ್ತಿದ್ದ ಮಾತು, ‘ಊಟ ಬಲ್ಲವನಿಗೆ ರೋಗವಿಲ್ಲ.’ ಅದರ ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ. ಆ ಊಟ ಬಲ್ಲವನು ಯಾರು ಎಂದು ಮಕ್ಕಳಿಗೆ ಅನುಮಾನವೇ ಉಳಿಯದ ಹಾಗೆ ಎದೆ ಸೆಟೆಸಿ ನಿಲ್ಲುತ್ತಿದ್ದೆ.

ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷ ಆಗಿತ್ತು, ನಾವಿನ್ನೂ ಕೋಲಾರ ಜಿಲ್ಲೆಯವರೇ ಆಗಿದ್ದೆವು. ಅಪ್ಪ ಸಕ್ಕರೆ ಕಾಯಿಲೆಯಲ್ಲಿ ಮೊದಲು ಒಂದು ಕಾಲು ಕಳೆದುಕೊಂಡು, ಆಮೇಲೆ ತಾವೇ ಹೋಗಿಬಿಟ್ಟಿದ್ದರು. ನನಗೆ ಮೂವತ್ತೈದು ದಾಟುತ್ತಿದ್ದ ಹಾಗೇ ಅಪ್ಪನ ದಾರಿ ಹಿಡಿಯಬಾರದು ಎಂದು ಬಿಳಿ ಅನ್ನ ಬಿಟ್ಟೆ. ಬೆಳಿಗ್ಗೆ ಗೋಧಿ ನುಚ್ಚಿನ ಉಪ್ಪಿಟ್ಟು, ಮಧ್ಯಾಹ್ನ ರಾಗಿ ಮುದ್ದೆ, ರಾತ್ರಿ ಜರಡಿ ಹಿಡಿಯದ ಗೋಧಿ ಹಿಟ್ಟಿನ ಚಪಾತಿ. ಧಾನ್ಯವನ್ನು ತಿಂದರೆ ಸಿಪ್ಪೆ, ತೌಡು, ಮೊಳಕೆ ಎಲ್ಲದರ ಸಮೇತ ತಿನ್ನಬೇಕು, ಉಳಿದದ್ದೆಲ್ಲ ಬರೀ ಪಿಷ್ಟ. ಇದು ನನ್ನ ವೇದ. ನಾನು ತಿಂದು ಸುಮ್ಮನಿದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಮದುವೆ ಮನೆಯಲ್ಲಿ ಪಕ್ಕದ ಎಲೆಯವನ ಅನ್ನ ನೋಡಿ ನಿಟ್ಟುಸಿರು ಬಿಡುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಚಿತ್ರಾನ್ನದ ಡಬ್ಬಿ ತೆಗೆದರೆ ಅವರ ರಕ್ತದ ಸಕ್ಕರೆಯ ಬಗ್ಗೆ ವಿಚಾರಿಸುತ್ತಿದ್ದೆ. ಬೆನ್ನ ಹಿಂದೆ ನನ್ನನ್ನು ‘ತೌಡು ಮೇಷ್ಟ್ರು’ ಎಂದು ಕರೆಯುತ್ತಿದ್ದರು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಒಳಗೊಳಗೇ ಹೆಮ್ಮೆಪಡುತ್ತಿದ್ದೆ.

ಒಂದು ದಿನ ಪಾಠದ ನಡುವೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಮನೆಯಲ್ಲಿ ರೇಷ್ಮೆ ಹುಳು ಸಾಕುವವರು.

“ಸಾರ್, ಇದು ಎಲ್ರಿಗೂ ಒಳ್ಳೇದಾ? ನಮ್ಮನೇಲಿ ಚಾಕಿ ಹುಳಕ್ಕೆ ಬಲಿತ ಸೊಪ್ಪು ಹಾಕಲ್ಲ ಸಾರ್. ಹಾಕಿದ್ರೆ ಸತ್ತೋಗ್ತವೆ.”

ಚಾಕಿ ಎಂದರೆ ಮೊಟ್ಟೆಯೊಡೆದು ಬಂದ ಎಳೆಯ ಹುಳು. ಅದಕ್ಕೆ ಹಿಪ್ಪುನೇರಳೆಯ ಕುಡಿ ಎಲೆಯನ್ನೇ ಸಣ್ಣಗೆ ಹೆಚ್ಚಿ ಹಾಕಬೇಕು. ದೊಡ್ಡ ಹುಳು ಮೇಯುವ ಅದೇ ಗಿಡದ ಬಲಿತ ಎಲೆ ಅದಕ್ಕೆ ಆಗುವುದಿಲ್ಲ. ನಮ್ಮ ಕಡೆ ಇದು ಹಾಲು ಕುಡಿಯುವ ಕೂಸಿಗೂ ಗೊತ್ತು. ಆದರೆ ನನಗೆ ನನ್ನ ಪಾಠದ ನಡುವೆ ಯಾರೂ ಬಾಯಿ ಹಾಕಬಾರದು.

“ನೀನೇನು ಹುಳಾನಾಮ್ಮ? ಕೂತ್ಕೊ” ಎಂದೆ. ತರಗತಿಯೆಲ್ಲ ನಕ್ಕಿತು. ಹುಡುಗಿ ಮುಖ ಕೆಂಪಗೆ ಮಾಡಿಕೊಂಡು ಕೂತಳು.

ಆ ವರ್ಷವೇ ನನ್ನ ಹೊಟ್ಟೆ ಕೆಡಲು ಶುರುವಾಯಿತು. ಮೊದಮೊದಲು ಉಬ್ಬರ, ಆಮೇಲೆ ಭೇದಿ. ಒಂದು ವಾರ ನಿಂತಂತೆ ಮಾಡಿ ಇನ್ನೊಂದು ವಾರ ಶುರುವಾಗುತ್ತಿತ್ತು. ಬೆಲ್ಟಿಗೆ ಹೊಸ ತೂತು ಹಾಕಿಸಿದೆ, ತಿಂಗಳೆರಡಾಗುವಷ್ಟರಲ್ಲಿ ಇನ್ನೊಂದು. ನಾಲ್ಕು ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ನನ್ನ ಬುದ್ಧಿ ನೋಡಿ: ನಿಶ್ಶಕ್ತಿ ಹೆಚ್ಚಿದಷ್ಟೂ ನಾನು ಗೋಧಿ ಹೆಚ್ಚು ಮಾಡಿದೆ. ರಾತ್ರಿ ಎರಡು ಇದ್ದದ್ದು ನಾಲ್ಕು ಚಪಾತಿ ಆಯಿತು. ಮೇಲೆ ಒಂದು ಚಮಚ ತೌಡನ್ನು ಮಜ್ಜಿಗೆಯಲ್ಲಿ ಕಲಸಿ ಕುಡಿದೆ. ಉರಿಯುವ ಬೆಂಕಿಗೆ ನಾನೇ ಊದುಗೊಳವೆ ಹಿಡಿದು ಕೂತಿದ್ದೆ.

ಚಿಕ್ಕಬಳ್ಳಾಪುರದಲ್ಲಿ ಒಬ್ಬರು ಡಾಕ್ಟರು ಜಂತುಹುಳು ಎಂದರು. ಚಿಂತಾಮಣಿಯಲ್ಲಿ ಇನ್ನೊಬ್ಬರು ಮನಸ್ಸಿನ ಚಿಂತೆ ಎಂದರು. ಆಗ ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆಲ್ಲ ಏಡ್ಸ್ ಬಗ್ಗೆ ಎಚ್ಚರಿಕೆ ಬರೆದಿರುತ್ತಿದ್ದ ಕಾಲ. ಗಂಡಸೊಬ್ಬ ಹೀಗೆ ಬಡಕಲಾಗುತ್ತಿದ್ದಾನೆ ಎಂದರೆ ಊರಿನ ಲೆಕ್ಕ ಒಂದೇ. ಸ್ಟಾಫ್ ರೂಮಿನಲ್ಲಿ ನನ್ನ ಟೀ ಲೋಟ ತಾನಾಗಿಯೇ ಬೇರೆಯಾಯಿತು. ಯಾರು ಬೇರೆ ಇಟ್ಟರು ಎಂದು ಕೇಳುವ ಧೈರ್ಯ ನನಗೂ ಇರಲಿಲ್ಲ, ಹೇಳುವ ಧೈರ್ಯ ಅವರಿಗೂ ಇರಲಿಲ್ಲ.

ಹೆಂಡತಿಯ ಕಿವಿಗೂ ಅದು ಬಿದ್ದಿರಬೇಕು. ಒಂದು ಬೆಳಿಗ್ಗೆ ನನ್ನ ಶರ್ಟಿಗೆ ಗುಂಡಿ ಹಾಕುತ್ತಾ, ಕಣ್ಣು ಸೂಜಿಯ ಮೇಲೇ ಇಟ್ಟು ಹೇಳಿದಳು, “ರೀ, ನನಗೇನೂ ಅನುಮಾನ ಇಲ್ಲ. ಆದ್ರೂ ಆ ಪರೀಕ್ಷೆನೂ ಮಾಡಿಸಿಬಿಡೋಣ. ಊರಿನ ಬಾಯಿ ಮುಚ್ಚುತ್ತೆ.”

ಮಾಡಿಸಿದೆವು. ಅದೂ ಇಲ್ಲ, ಕ್ಷಯವೂ ಇಲ್ಲ. ಆದರೆ ನನಗೆ ಸಮಾಧಾನವಾಗಲಿಲ್ಲ. ಇವೆಲ್ಲ ಇಲ್ಲವೆಂದರೆ ಉಳಿದದ್ದು ಏನು ಎಂದು ವಿಜ್ಞಾನದ ಮೇಷ್ಟ್ರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನಗೆ ಕ್ಯಾನ್ಸರ್ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಐದನೇ ಕ್ಲಾಸಿನಲ್ಲಿದ್ದ ಮಗಳು ಹೋಂವರ್ಕ್ ತೋರಿಸಲು ಬಂದರೆ ಅವಳ ತಲೆ ಸವರಿ, ಪುಸ್ತಕ ನೋಡದೆಯೇ ಸರಿ ಇದೆ ಎನ್ನುತ್ತಿದ್ದೆ.

ಕೊನೆಗೆ ಬೆಂಗಳೂರಿಗೆ ಹೋದೆವು. ದೇವನಹಳ್ಳಿಯ ಹತ್ತಿರ ವಿಮಾನ ನಿಲ್ದಾಣಕ್ಕೆಂದು ನೆಲ ಅಗೆದು ಗುಡ್ಡೆ ಹಾಕಿದ್ದರು, ಬಸ್ಸಿನೊಳಗೆಲ್ಲ ಕೆಂಪು ಧೂಳು. ಹೊಟ್ಟೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ದಿನವೂ ಏನೇನು ತಿನ್ನುತ್ತೀರಿ ಎಂದು ಕೇಳಿದರು. ಆ ಸ್ಥಿತಿಯಲ್ಲೂ ನನಗೆ ಹುರುಪು ಬಂತು. ಪಾಠ ಒಪ್ಪಿಸುವ ಹಾಗೆ ಉಪ್ಪಿಟ್ಟಿನಿಂದ ತೌಡಿನ ಮಜ್ಜಿಗೆಯವರೆಗೆ ಎಲ್ಲವನ್ನೂ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಒಂದು ರಕ್ತ ಪರೀಕ್ಷೆ, ಗಂಟಲಿನಿಂದ ಕೊಳವೆ ಬಿಟ್ಟು ಕರುಳಿನ ಒಂದು ಚೂರು ತೆಗೆಯುವ ಇನ್ನೊಂದು ಪರೀಕ್ಷೆ ಬರೆದುಕೊಟ್ಟರು.

ವಾರ ಬಿಟ್ಟು ಹೋದಾಗ ಹೇಳಿದರು, “ನಿಮ್ಮ ಕರುಳಿಗೆ ಗೋಧಿ ಆಗಲ್ಲ. ಸೀಲಿಯಾಕ್ ಅಂತ ಈ ಕಾಯಿಲೆ. ನಮ್ಮ ಕಡೆ ಅಪರೂಪ, ಅದಕ್ಕೇ ಯಾರಿಗೂ ಹೊಳೆದಿಲ್ಲ. ಗೋಧೀಲಿರೋ ಒಂದು ಅಂಶ ನಿಮ್ಮ ಕರುಳಿನ ಒಳಗೋಡೇನ ಸವೆಸಿಬಿಟ್ಟಿದೆ. ಗೋಧಿ ಪೂರ್ತಿ ಬಿಡ್ಬೇಕು.”

“ಮೈದಾ ಅಲ್ಲ ಮೇಡಂ” ಎಂದೆ ನಾನು. “ಇಡೀ ಗೋಧಿ. ತೌಡಿನ ಸಮೇತ.”

“ಇಡೀದಾದ್ರೂ ಅಷ್ಟೇ, ಅರೆದಿದ್ದಾದ್ರೂ ಅಷ್ಟೇ. ಊರಿಗೆಲ್ಲ ಒಳ್ಳೇದು ಮೇಷ್ಟ್ರೇ. ನಿಮಗಲ್ಲ.”

“ರಾಗಿ? ಅಕ್ಕಿ?”

“ಎಷ್ಟು ಬೇಕಾದ್ರೂ ತಿನ್ನಿ.”

ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ಕೂತು ಎರಡು ಮೂರು ವರ್ಷದ ಮೇಲೆ ಒಂದು ತಟ್ಟೆ ಬಿಳಿ ಅನ್ನ, ತಿಳಿಸಾರು ತಿಂದೆ. ಸಾಯುವುದಿಲ್ಲ ಎಂದು ಗೊತ್ತಾದವನ ಬಾಯಿಗೆ ಆ ಸಾರು ಹೇಗಿತ್ತೆಂದು ಹೇಳಲಾರೆ. ಎದುರಿಗೆ ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಲೇ ಬೈಯುತ್ತಿದ್ದಳು, “ಎಷ್ಟು ಸಲ ಹೇಳ್ದೆ, ಒಂದು ತುತ್ತು ಅನ್ನ ತಿನ್ನಿ ಅಂತ. ಕೇಳಿದ್ರಾ?” ಜೀವನದಲ್ಲಿ ಅಷ್ಟು ಖುಷಿಯಿಂದ ನಾನು ಎಂದೂ ಬೈಸಿಕೊಂಡಿಲ್ಲ.

ಮನೆಗೆ ಬಂದು ಅಮ್ಮನಿಗೆ ಹೇಳಿದಾಗ ಅವಳಿಗೆ ಗೆದ್ದ ಸಂತೋಷ. ಅಡುಗೆಮನೆಯಲ್ಲಿ ಚಪಾತಿಗೆ ಹೆಂಡತಿ, ಮುದ್ದೆಗೆ ಅಮ್ಮ. ರಾಗಿ ತರುವುದು, ಕಲ್ಲು ಆರಿಸುವುದು, ಮಿಲ್ಲಿಗೆ ಹೋಗಿ ಹಿಟ್ಟು ಮಾಡಿಸುವುದು ಎಲ್ಲ ಅಮ್ಮನದೇ.

“ನಾನು ಅವತ್ತೇ ಬಡ್ಕೊಂಡೆ” ಎಂದಳು. “ಹಿಟ್ಟು ತಿಂದೋನು ಬೆಟ್ಟ ಕಿತ್ತಿಟ್ಟ ಅಂತಾರೆ. ನೀನು ಆ ಚಕ್ಕಳದಂಥ ಚಪಾತಿ ತಿನ್ನೋಕೆ ಹೋದೆ. ಇನ್ಮೇಲೆ ನನ್ನ ಕೈಯಲ್ಲಿ ಬಿಡು. ಮೂರು ಹೊತ್ತೂ ಮುದ್ದೆ. ನೋಡ್ತಿರು ಹೆಂಗಾಗ್ತೀಯ ಅಂತ.”

ಗೋಧಿ ಹಿಟ್ಟಿನ ಡಬ್ಬಿ ಅವತ್ತೇ ಪಕ್ಕದ ಮನೆ ಸೇರಿತು. ಅಮ್ಮ ಹೇಳಿದಂತೆಯೇ ಮಾಡಿದಳು. ಬಸ್ಸಾರಿನ ಜೊತೆ, ಸೊಪ್ಪಿನ ಸಾರಿನ ಜೊತೆ, ಅವರೆಕಾಯಿ ಬಂದ ಮೇಲೆ ಹಿದುಕಿದ ಬೇಳೆ ಸಾರಿನ ಜೊತೆ, ಕನ್ನಡಿಯಂತೆ ನುಣುಪಾದ ಮುದ್ದೆ. ಒಂದು ಬಿರುಕಿಲ್ಲ, ಒಂದು ಗಂಟಿಲ್ಲ. ಅಗಿಯುವ ಕೆಲಸವೇ ಇಲ್ಲದೆ ಗಂಟಲಲ್ಲಿ ಜಾರುತ್ತಿತ್ತು. ಮೊದಲ ತಿಂಗಳು ಸ್ವಲ್ಪ ಚೇತರಿಸಿಕೊಂಡೆ. ಎರಡನೇ ತಿಂಗಳು ಅಲ್ಲಿಗೇ ನಿಂತಿತು. ಮೂರನೇ ತಿಂಗಳು ಮತ್ತೆ ಭೇದಿ, ಮತ್ತೆ ಕಣ್ಣು ಕತ್ತಲೆ.

ಮತ್ತೆ ಬೆಂಗಳೂರಿಗೆ ಹೋದೆವು. ಡಾಕ್ಟರು ಹುಬ್ಬು ಗಂಟಿಕ್ಕಿದರು. “ಎಲ್ಲೋ ಗೋಧಿ ಒಳಗೆ ಹೋಗ್ತಿದೆ. ಚಿಟಿಕೆ ಹೋದ್ರೂ ಸಾಕು. ಹುಡುಕಿ. ಒಂದೆರಡು ತಿಂಗಳು ನೋಡೋಣ. ಸಿಗಲಿಲ್ಲ ಅಂದ್ರೆ ಬೇರೆ ಏನಾದ್ರೂ ಇದೆಯಾ ಅಂತ ನೋಡ್ಬೇಕಾಗುತ್ತೆ.”

“ಬೇರೆ ಅಂದ್ರೆ?”

ಅವರು ಪೆನ್ನಿಗೆ ಕ್ಯಾಪು ಹಾಕಿದರು. “ಅಪರೂಪಕ್ಕೆ ಕರುಳಲ್ಲಿ ಗಡ್ಡೆ ಆಗೋದುಂಟು. ಈಗಲೇ ಅದನ್ನ ಯೋಚನೆ ಮಾಡ್ಬೇಡಿ.”

ಯೋಚನೆ ಮಾಡಬೇಡಿ ಎಂದರೆ ಯಾರು ತಾನೇ ಬಿಡುತ್ತಾರೆ? ಮನೆಗೆ ಬಂದವನೇ ಅಡುಗೆಮನೆಗೆ ಜಪ್ತಿಗೆ ಬಂದ ಅಮಲ್ದಾರನ ಹಾಗೆ ನುಗ್ಗಿದೆ. ಗೋಧಿ ಸಿಕ್ಕರೆ ನಾನು ಬದುಕಿದೆ, ಸಿಗದಿದ್ದರೆ ಗಡ್ಡೆ. ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ. ಕಳ್ಳನನ್ನು ಹುಡುಕುವವನು ಮನೆಯಲ್ಲಿ ಕಳ್ಳ ಇರಲಪ್ಪಾ ಎಂದು ಬೇಡಿಕೊಳ್ಳುವುದನ್ನು ನಾನು ಬೇರೆ ಎಲ್ಲೂ ಕಂಡಿಲ್ಲ. ಇಂಗಿನ ಡಬ್ಬಿಯ ಮೇಲಿನ ಇರುವೆಯಂಥ ಅಕ್ಷರವನ್ನು ಓದಿದರೆ ಅದರಲ್ಲಿ ಗೋಧಿ ಹಿಟ್ಟು! ಕುಣಿದಾಡಿ ಅದನ್ನು ಎಸೆದೆ. ಹದಿನೈದು ದಿನ ಕಾದೆ. ಏನೂ ಬದಲಾಗಲಿಲ್ಲ. ಬಿಸ್ಕತ್ತಿನ ಚೂರು ಬಿದ್ದಿರಬಹುದೆಂದು ಮಗಳ ತಿಂಡಿ ಡಬ್ಬಿಯನ್ನು ಹೊರಗೆ ಇಡಿಸಿದೆ. ಚಪಾತಿ ಲಟ್ಟಿಸುತ್ತಿದ್ದ ಮಣೆಯನ್ನು ಒಲೆಗೆ ಹಾಕಿದೆ. ಸೌಟು ಯಾಕೆ ಅದೇ ಮೊಳೆಗೆ ನೇತು ಹಾಕಿದ್ದೀಯ ಎಂದು ಹೆಂಡತಿಯ ಮೇಲೆ ಕೂಗಾಡಿದೆ. ಅವಳೂ ಸುಮ್ಮನಿರುವವಳಲ್ಲ, “ನನ್ನನ್ನೂ ಒಂದ್ಸಲ ಪರೀಕ್ಷೆಗೆ ಕಳಿಸಿ, ನನ್ನಲ್ಲೇ ಗೋಧಿ ಇದೆಯೇನೋ” ಎಂದಳು. ಈ ಗಲಾಟೆಯಲ್ಲಿ ಅಮ್ಮ ಮಾತ್ರ ನನ್ನ ತಟ್ಟೆಯ ಮುದ್ದೆಯನ್ನು ದಿನದಿಂದ ದಿನಕ್ಕೆ ದೊಡ್ಡದು ಮಾಡುತ್ತಿದ್ದಳು.

ಒಂದು ಭಾನುವಾರ ಅಮ್ಮನಿಗೆ ಮಂಡಿ ನೋವು ಜೋರಾಗಿತ್ತು. ರಾಗಿ ಹಿಟ್ಟು ಮುಗಿದಿತ್ತು. ಚೀಲ ನಾನೇ ತೆಗೆದುಕೊಂಡು ಹೋಗುತ್ತೇನೆ ಎಂದರೆ ಕೇಳಲಿಲ್ಲ, “ಬೇಡಪ್ಪ, ನೀನು ನಿಂತ್ಕೊಂಡ್ರೆ ಮಿಲ್ಲಿನವನು ಬಿಸಿ ಹಿಟ್ಟೇ ತುಂಬಿ ಕಳಿಸ್ತಾನೆ, ಬೇಗ ಕೆಡುತ್ತೆ” ಎಂದು ಮೊಪೆಡ್ಡಿನ ಹಿಂದೆ ಹತ್ತಿಕೊಂಡಳು. ನಲವತ್ತರ ಹತ್ತಿರ ಬಂದಿದ್ದರೂ ನಾನು ಅಂದಿನವರೆಗೆ ರಾಗಿ ಮಿಲ್ಲಿನ ಒಳಗೆ ಕಾಲಿಟ್ಟವನಲ್ಲ. ಅದು ಹೆಂಗಸರ ಕೆಲಸ ಎಂದು ಯಾರೂ ಹೇಳಿರಲಿಲ್ಲ, ಆದರೆ ಹಾಗೇ ನಡೆದುಕೊಂಡು ಬಂದಿತ್ತು.

ಮಿಲ್ಲಿನವನು ಹುಬ್ಬಿನವರೆಗೂ ಬೆಳ್ಳಗೆ ಹಿಟ್ಟು ಮೆತ್ತಿಕೊಂಡು ನಿಂತಿದ್ದ. ನಮ್ಮ ಸರದಿ ಬಂದಾಗ ಅಮ್ಮ ಚೀಲದ ರಾಗಿಯನ್ನು ಡಬ್ಬಕ್ಕೆ ಸುರಿದಳು. ಆಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ಸಣ್ಣ ಬಟ್ಟೆ ಚೀಲವನ್ನು ಬಿಚ್ಚಿ, ಅದರೊಳಗೆ ಕೈ ಹಾಕಿ, ಹಿಡಿ ತುಂಬ ತೆಗೆದು ರಾಗಿಯ ಮೇಲೆ ಹಾಕಿದಳು. ಮತ್ತೊಂದು ಹಿಡಿ. ಕರಿ ಕೆಂಪು ರಾಗಿಯ ಮೇಲೆ ಹೊಂಬಣ್ಣದ ಉದ್ದುದ್ದ ಕಾಳು.

“ಅಮ್ಮಾ, ಅದೇನು?”

“ಏನಿಲ್ಲ, ಗೋಧಿ.”

“ಗೋಧೀನಾ?”

“ಸೇರಿಗೊಂದು ಹಿಡಿ ಕಣಪ್ಪ. ಹಾಕಲಿಲ್ಲ ಅಂದ್ರೆ ಮುದ್ದೆ ಬಿರಿಯುತ್ತೆ. ನಮ್ಮತ್ತೆ ಕಾಲದಿಂದ್ಲೂ ಹಿಂಗೇ, ಕಾಳು ರಾಗಿ ಮೂಟೆ ಹಿಂದೇನೇ ಇಟ್ಟಿರ್ತೀನಿ.” ಪಕ್ಕದವರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದಳು. “ನೀನು ಬಡವಾದ ಮೇಲೆ ಎರಡೆರಡು ಹಿಡಿ ಹಾಕ್ತಿದ್ದೀನಿ. ಶಕ್ತಿ ಬರ್ಲಿ ಅಂತ.”

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರಂತೆ. ಇಂಗು ಎಸೆದೆ, ಮಣೆ ಸುಟ್ಟೆ, ಹೆಂಡತಿಯ ಜೊತೆ ಜಗಳ ಆಡಿದೆ. ದಿನಕ್ಕೆ ಮೂರು ಹೊತ್ತು ಅದೇ ಗೋಧಿಯನ್ನು ನುಣ್ಣಗೆ ನುಂಗುತ್ತಿದ್ದೆ. ನನಗೆ ಕೋಪ ಬರಬೇಕಿತ್ತು. ಬಂದದ್ದು ನಗು. ಗಡ್ಡೆ ಇಲ್ಲ, ಗೋಧಿ ಇದೆ! “ಸಿಕ್ತು! ಗೋಧಿ ಸಿಕ್ತು!” ಎಂದು ಕೂಗಿ ಮಿಲ್ಲಿನವನ ಎರಡೂ ಭುಜ ಹಿಡಿದು ಅಲ್ಲಾಡಿಸಿದೆ. ಹಿಟ್ಟಿನ ಮೋಡ ಎದ್ದಿತು.

“ಏಮಯ್ಯಿಂದಿ ಸಾರ್, ಏನಾಯ್ತು?” ಎಂದ ಅವನು ಗಾಬರಿಯಿಂದ. “ಗೋಧಿ ಬೇಕಿದ್ರೆ ಅಲ್ಲಿ ಮೂಟೆಗಟ್ಲೆ ಇದೆ. ಇದೇ ಕಲ್ಲಲ್ಲಿ ದಿನಾ ಬೀಸ್ತೀನಿ.”

ಅದನ್ನು ಕೇಳಿ ಇನ್ನೂ ನಕ್ಕೆ. ಹಿಡಿ ಗೋಧಿ ಹಾಕದಿದ್ದರೂ ಆ ಕಲ್ಲಿನಿಂದ ನನಗೆ ಬಿಡುಗಡೆ ಇರಲಿಲ್ಲ. ನಗುತ್ತಲೇ ತಿರುಗಿ ನೋಡಿದಾಗ ಅಮ್ಮ ರಾಗಿ ಮೂಟೆಯೊಂದರ ಮೇಲೆ ಕೂತುಬಿಟ್ಟಿದ್ದಳು. ಮುಷ್ಟಿಯಲ್ಲಿ ಇನ್ನೂ ನಾಲ್ಕು ಕಾಳು ಹಾಗೇ ಇದ್ದವು.

“ಗೋಧಿ ಬೇಡ ಅಂದ್ರಿ. ಚಪಾತಿ ಬೇಡ ಅಂತ ಅಂದ್ಕೊಂಡೆ” ಎಂದಳು. “ಇದು ರಾಗಿ ಹಿಟ್ಟಲ್ವೇನಪ್ಪಾ?”

ನಾನು ನಕ್ಕದ್ದು ತಪ್ಪು. ನನ್ನ ಜೀವ ಉಳಿದ ಖುಷಿಯಲ್ಲಿ ಅವಳ ಮುಖ ನೋಡಲಿಲ್ಲ. ಅವಳದೇನು ತಪ್ಪು? ಸಾರಿಗೆ ಉಪ್ಪು ಹಾಕಿದ್ದೀಯಾ ಎಂದು ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಯಾರು ತಾನೇ ಹೇಳುತ್ತಾರೆ? ಅವಳ ಮಟ್ಟಿಗೆ ಆ ಹಿಡಿ ಗೋಧಿಯಲ್ಲ, ರಾಗಿ ಹಿಟ್ಟು ಮಾಡುವ ಕ್ರಮ. ಊರಿಗೆಲ್ಲ ಧಾನ್ಯದ ಪಾಠ ಹೇಳುವ ನಾನು, ನನ್ನ ತಟ್ಟೆಯ ಮುದ್ದೆ ಹೇಗಾಗುತ್ತದೆ ಎಂದು ಒಂದು ದಿನ ಕೇಳಿದವನಲ್ಲ.

ಅವತ್ತು, ಮಾರನೇ ದಿನ ಅಮ್ಮ ಅಡುಗೆಮನೆಗೆ ಬರಲಿಲ್ಲ. ಬಡಿಸಲೂ ಬರಲಿಲ್ಲ. “ನನ್ನ ಕೈ ಒಳ್ಳೇದಲ್ಲ” ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. “ಅತ್ತೆ, ಗೋಧಿ ಸಿಕ್ಕಿದ್ದಕ್ಕೇ ಅವರು ಉಳ್ಕೊಂಡ್ರು, ಏಳಿ” ಎಂದು ಹೆಂಡತಿ ಹೇಳಿದ್ದೂ ಕಿವಿಗೆ ಬೀಳಲಿಲ್ಲ. ನಾನು ಹೋಗಿ ಕೂತರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಮೂರನೇ ದಿನ ಬೆಳಿಗ್ಗೆ ಹಿತ್ತಲಿನಲ್ಲಿ ಗರಗರ ಸದ್ದು. ನೀರಿನ ಸಂಪಿನ ಮುಚ್ಚಳ ಹಾರದಿರಲಿ ಎಂದು ಎಷ್ಟೋ ವರ್ಷದಿಂದ ಅದರ ಮೇಲೆ ಹೇರಿಟ್ಟಿದ್ದ ಬೀಸುವ ಕಲ್ಲನ್ನು ಅತ್ತೆ ಸೊಸೆ ಇಬ್ಬರೂ ಸೇರಿ ಇಳಿಸಿ, ಬೂದಿ ಹಾಕಿ ತಿಕ್ಕಿ, ಬಿಸಿನೀರು ಸುರಿದು ಒಣಗಿಸಿದ್ದರು. ಅಮ್ಮ ಗೂಟ ಹಿಡಿದು ಒಬ್ಬಳೇ ಬೀಸುತ್ತಿದ್ದಳು. ಮಂಡಿ ಮಡಚಲಾಗದೆ ಒಂದು ಕಾಲು ನೀಡಿಕೊಂಡಿದ್ದಳು.

“ಅಮ್ಮ, ಬಿಡು. ನಾನು ಬೀಸ್ತೀನಿ.”

“ಮೊದ್ಲು ತಿನ್ನೋದು ಕಲಿ” ಎಂದಳು. ಕೊನೆಗೂ ಬಾಯಿಬಿಟ್ಟು ಬೈದಳಲ್ಲಾ ಎಂದು ನನಗೆ ಹೋದ ಉಸಿರು ಬಂದಂತಾಯಿತು.

ಅವತ್ತಿನ ಮುದ್ದೆ ಬಿರುಕು ಬಿಟ್ಟಿತ್ತು. ಹಿಟ್ಟು ತರಿತರಿ. ಅಮ್ಮ ಅದನ್ನು ನನ್ನ ತಟ್ಟೆಗೆ ಹಾಕಿ, ಊರಿನ ಮುಂದೆ ಮಾನ ಹೋದವಳ ಹಾಗೆ ತಲೆ ತಗ್ಗಿಸಿ ನಿಂತಳು. ಹುರಳಿಕಾಳಿನ ಸಾರು ಬಿರುಕಿನೊಳಗೆಲ್ಲ ಇಳಿದಿತ್ತು. ನುಂಗಲಾಗದೆ ಅಗಿದು ಅಗಿದು ತಿಂದೆ. ಇನ್ನೊಂದು ಹಾಕಿಸಿಕೊಂಡೆ. ಕೈ ತೊಳೆಯುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.

ಆಮೇಲೆ ಕಾಯುವ ಕೆಲಸ. ದಿನವೂ ಎದ್ದ ತಕ್ಷಣ ನನ್ನ ಹೊಟ್ಟೆಯ ಸಮಾಚಾರ ತಿಳಿಯಲು ಹೆಂಡತಿ ಬಚ್ಚಲ ಬಾಗಿಲಲ್ಲೇ ನಿಂತಿರುತ್ತಿದ್ದಳು. ಅಮ್ಮ ಕೇಳುತ್ತಿರಲಿಲ್ಲ, ಹಿತ್ತಲಿನಲ್ಲಿ ಕಲ್ಲು ನಿಲ್ಲಿಸಿ ಕಿವಿ ಕೊಡುತ್ತಿದ್ದಳು. ವಾರ ಕಳೆಯಿತು, ಏನೂ ಇಲ್ಲ. ಹತ್ತನೇ ದಿನವೂ ಹಾಗೇ ಇದ್ದಾಗ ಗೋಧಿ ಒಂದು ನೆಪ, ಒಳಗೆ ಗಡ್ಡೆಯೇ ಇದೆ ಎಂದು ನನ್ನ ಜೀವ ಮತ್ತೆ ಬಾಯಿಗೆ ಬಂತು. ಹದಿನಾಲ್ಕನೇ ದಿನ ಭೇದಿ ನಿಂತಿತು. ಮಾರನೇ ದಿನವೂ. ಅದರ ಮಾರನೇ ದಿನವೂ. ಮನೆಯ ಹೊರಗೆ ಯಾರಿಗೂ ಹೇಳಲಿಲ್ಲ, ದೃಷ್ಟಿಯಾದೀತೆಂದು. ವಿಜ್ಞಾನದ ಮೇಷ್ಟ್ರು!

ಎರಡು ತಿಂಗಳು ತುಂಬಿದ ಮೇಲೆ ಬೆಂಗಳೂರಿಗೆ ಹೋದಾಗ ತೂಕದ ಮುಳ್ಳು ಮೇಲೆ ಹೋಗಿತ್ತು, ರಕ್ತದ ಅಂಶವೂ ಏರಿತ್ತು. ಡಾಕ್ಟರು ಫೈಲು ಮುಚ್ಚಿದರು. “ಬೇರೆ ಏನೂ ಹುಡುಕೋದು ಬೇಡ. ಆರು ತಿಂಗಳು ಬಿಟ್ಟು ಬನ್ನಿ. ಗೋಧಿ ಎಲ್ಲಿತ್ತು?”

ಹೇಳಿದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ. “ಅಮ್ಮನ್ನ ಬೈಬೇಡಿ” ಎಂದರು.

ಆ ಸೋಮವಾರ ಸ್ಕೂಲಿಗೆ ಹೋದವನು ಒಂಬತ್ತನೇ ತರಗತಿಗೆ ನುಗ್ಗಿದೆ. ಆ ಹುಡುಗಿ ಈಗ ಅಲ್ಲಿದ್ದಳು. ಎಲ್ಲರ ಎದುರಿಗೆ, “ಹೋದ ವರ್ಷ ನೀನು ಕೇಳಿದ್ದು ಸರಿ ಇತ್ತಮ್ಮ. ಎಲ್ಲರಿಗೂ ಒಳ್ಳೆಯದಲ್ಲ. ಬಹಳ ಜನಕ್ಕೆ ಒಳ್ಳೆಯದು. ನನಗೆ ಗೋಧಿ ಆಗಲ್ಲ. ನಾನೇ ಹುಳ” ಎಂದೆ. ಈ ಸಲ ನಕ್ಕವಳು ಅವಳೊಬ್ಬಳೇ.

ಆದರೆ ನಾನು ಹೇಳಬೇಕೆಂದಿದ್ದುದು ಬೆಂಗಳೂರಿನಿಂದ ಮನೆಗೆ ಬಂದ ಆ ಸಂಜೆಯ ಮಾತು. ಅಮ್ಮ ಹಿತ್ತಲಿನಲ್ಲಿ ಕಲ್ಲಿನ ಮುಂದೆ ಕೂತಿದ್ದಳು. “ಎಲ್ಲ ಸರಿ ಹೋಗಿದೆಯಂತಮ್ಮ. ಗಡ್ಡೆ ಗಿಡ್ಡೆ ಏನೂ ಇಲ್ಲವಂತೆ” ಎಂದೆ. ಗಡ್ಡೆಯ ಮಾತು ಅವಳ ಹತ್ತಿರ ಆಡಿದ್ದು ಅದೇ ಮೊದಲು. ಅವಳ ಕೈ ಗೂಟದ ಮೇಲೆ ಸ್ವಲ್ಪ ಹೊತ್ತು ನಿಂತಿತು. ಸೇರಿನಲ್ಲಿ ರಾಗಿ ಅಳೆದು ಮೊರಕ್ಕೆ ಸುರಿದಳು. ಆಮೇಲೆ ಕೈ ಪಕ್ಕಕ್ಕೆ ಹೋಯಿತು. ಅಲ್ಲಿ ಅದೇ ಸಣ್ಣ ಬಟ್ಟೆ ಚೀಲ ಇತ್ತು. ಒಳಗಿನಿಂದ ಹಿಡಿ ತುಂಬ ತೆಗೆದು ರಾಗಿಯ ಮೇಲೆ ಹಾಕಿದಳು.

ಮತ್ತೆ ಗೋಧಿಯೇ! ಬಗ್ಗಿ ಚೀಲಕ್ಕೆ ಕೈ ಹಾಕಿ ನೋಡಿದೆ. ಒಗೆದು ಶುಭ್ರವಾಗಿದ್ದ ಆ ಚೀಲದಲ್ಲಿದ್ದದ್ದೂ ರಾಗಿಯೇ.

“ಇದನ್ನ ಯಾಕಮ್ಮ ಬೇರೆ ಇಟ್ಟಿದ್ದೀಯ?”

“ಕೈ ಕೇಳಲ್ಲ ಕಣಪ್ಪ” ಎಂದಳು. “ಸೇರಿಗೊಂದು ಹಿಡಿ ಮೇಲೆ ಹಾಕಲಿಲ್ಲ ಅಂದ್ರೆ, ನಿನಗೆ ಏನೋ ಕಮ್ಮಿ ಮಾಡ್ದಂಗೆ ಆಗುತ್ತೆ.”

ನಾನು ಚಪ್ಪಲಿ ಬಿಟ್ಟು, ಎದುರಿಗೆ ಕೂತು, ಗೂಟದ ಇನ್ನೊಂದು ಕಡೆ ಕೈ ಹಾಕಿದೆ.